ಸ್ಟ್ರೋಕ್ ಬಳಿಕ ನ್ಯುಮೋನಿಯಾ: ಸೂಜಿ, ಕಪ್ಪಿಂಗ್ ಎಷ್ಟು ಕೆಲಸ ಮಾಡುತ್ತೆ?

ಕಪ್ಪಿಂಗ್ ಅಂದ ತಕ್ಷಣ ನಿಮ್ಮಲ್ಲಿ ಹಲವರಿಗೆ 2016ರ ರಿಯೊ ಒಲಿಂಪಿಕ್ಸ್ ನೆನಪಾಗಬಹುದು. ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿದ್ದ ಆ ದುಂಡನೆಯ ಕೆಂಪು ಗುರುತುಗಳು! ಚೀನಾದ ಆಸ್ಪತ್ರೆಗಳಲ್ಲಿ ಇದೇ ಕಪ್ಪಿಂಗ್ ಮತ್ತು ಅಕ್ಯುಪಂಕ್ಚರ್ ಸೂಜಿಗಳನ್ನು ಸ್ಟ್ರೋಕ್ ಆಗಿ ನ್ಯುಮೋನಿಯಾ ಬಂದವರಿಗೂ ಬಳಸ್ತಾರೆ. ಆಂಟಿಬಯೋಟಿಕ್ ಬದಲಿಗಲ್ಲ, ಅದರ ಜೊತೆಗೆ. ಇದರಿಂದ ಪ್ರಯೋಜನ ಇದೆಯಾ? ಇವತ್ತು ಅದನ್ನೇ ನೋಡೋಣ.

ಸ್ಟ್ರೋಕ್ ಅಂದ್ರೆ ಲಕ್ವ, ಅದು ಮೆದುಳಿನ ಕಾಯಿಲೆ. ಹಾಗಾದರೆ ಶ್ವಾಸಕೋಶಕ್ಕೆ ಯಾಕೆ ಸೋಂಕು? ನಾವು ಪ್ರತಿ ಸಲ ನುಂಗುವಾಗ ಶ್ವಾಸನಾಳದ ಬಾಯಿ ಸರಿಯಾದ ಕ್ಷಣಕ್ಕೆ ಮುಚ್ಚಿಕೊಳ್ಳಬೇಕು. ಅದನ್ನು ನಡೆಸೋದು ಮೆದುಳು. ಸ್ಟ್ರೋಕ್ ಆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗೋದು ಕಷ್ಟ. ನೀರು, ಗಂಜಿ, ಜೊಲ್ಲು ಕೂಡ ಬಾಯಿಯ ಬ್ಯಾಕ್ಟೀರಿಯಾಗಳ ಸಮೇತ ಶ್ವಾಸಕೋಶಕ್ಕೆ ಇಳಿಯುತ್ತೆ. ಕೆಲವರಿಗೆ ಕೆಮ್ಮೂ ಬರಲ್ಲ, ಹಾಗಾಗಿ ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ. ಮೊದಲ 7 ದಿನಗಳಲ್ಲೇ ಈ ಅಪಾಯ ಹೆಚ್ಚು.

‘ಮೊದಲೇ ಆಂಟಿಬಯೋಟಿಕ್ ಕೊಟ್ಟುಬಿಟ್ರೆ?’ ಅಂತ ಕೇಳಬಹುದು. 2015ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ನೆದರ್ಲೆಂಡ್ಸ್‌ನಲ್ಲಿ ಹೀಗೆ ಕೊಟ್ಟಿದ್ದರಿಂದ ರೋಗಿಗಳ ಚೇತರಿಕೆ ಸುಧಾರಿಸಲಿಲ್ಲ. ಬ್ರಿಟನ್‌ನಲ್ಲಿ ನ್ಯುಮೋನಿಯಾ ಕಡಿಮೆ ಆಗಲಿಲ್ಲ. ಸೋಂಕು ಬಂದ ಮೇಲೆ ಆಂಟಿಬಯೋಟಿಕ್ ಬೇಕೇ ಬೇಕು. ಆದರೆ ತಡೆಯೋಕೆ ನುಂಗುವಿಕೆ ಸರಿಹೋಗಬೇಕು.

ಸೂಜಿ ಚಿಕಿತ್ಸೆಯ ಮಾತು ಬರೋದು ಇಲ್ಲೇ. ಚೀನಾದ ತಿಯಾನ್‌ಜಿನ್‌ನಲ್ಲಿ ವೈದ್ಯ ಶೀ ಶ್ವೇಮಿನ್ 1972ರಲ್ಲಿ ಸ್ಟ್ರೋಕ್‌ಗೆಂದೇ ಒಂದು ಅಕ್ಯುಪಂಕ್ಚರ್ ವಿಧಾನ ರೂಪಿಸಿದರು. ನುಂಗುವ ತೊಂದರೆಗೆ ಕುತ್ತಿಗೆ ಮತ್ತು ಗಂಟಲಿನ ಸುತ್ತ ಸೂಜಿ ಹಾಕ್ತಾರೆ. ಅಲ್ಲಿನ ನರ, ಸ್ನಾಯುಗಳು ಮತ್ತೆ ಚುರುಕಾಗಲಿ ಅನ್ನೋದು ಉದ್ದೇಶ. ಕಪ್ಪಿಂಗ್ ಮಾಡೋದು ಬೆನ್ನಿನ ಮೇಲ್ಭಾಗದಲ್ಲಿ, ಕಫ ಸಡಿಲವಾಗುತ್ತೆ ಅನ್ನೋ ನಂಬಿಕೆಯಿಂದ. ಆದರೆ ಕಪ್ ಎಳೆಯೋದು ಚರ್ಮವನ್ನು. ಆ ಗುರುತು ಕೂಡ ಚರ್ಮದಡಿಯ ಸಣ್ಣ ರಕ್ತನಾಳಗಳು ಒಡೆದು ಆಗಿದ್ದು. ಸೂಜಿಯಾಗಲಿ ಕಪ್ ಆಗಲಿ, ಬ್ಯಾಕ್ಟೀರಿಯಾವನ್ನು ಕೊಲ್ಲಲ್ಲ.

ಸಾಕ್ಷ್ಯ ಏನಿದೆ? ಹೆಚ್ಚಿನ ಅಧ್ಯಯನಗಳು ಚೀನಾದವು, ಬಹಳಷ್ಟು ಚಿಕ್ಕವು. ಯಾರಿಗೆ ಸೂಜಿ ಹಾಕಿದ್ದು ಅಂತ ರೋಗಿಗೂ ವೈದ್ಯರಿಗೂ ಗೊತ್ತಿರುತ್ತೆ. ಅವರಿಗೆ ಮಾಮೂಲಿ ಚಿಕಿತ್ಸೆಯೂ ನಡೀತಿರುತ್ತೆ. ಸಾಲದ್ದಕ್ಕೆ, ಹಲವರಲ್ಲಿ ನುಂಗುವಿಕೆ ಕೆಲವೇ ವಾರಗಳಲ್ಲಿ ತಾನಾಗಿಯೇ ಸುಧಾರಿಸುತ್ತೆ. ಹಾಗಾಗಿ ಗುಣವಾಗಿದ್ದು ಯಾವುದರಿಂದ ಅಂತ ಹೇಳೋದು ಕಷ್ಟ. ನುಂಗುವಿಕೆಗೆ ಅಕ್ಯುಪಂಕ್ಚರ್ ನೆರವಾಗಬಹುದು ಅನ್ನೋ ಸೂಚನೆ ಇದೆ, ಗಟ್ಟಿ ಪುರಾವೆ ಇಲ್ಲ. ಕಪ್ಪಿಂಗ್‌ಗೆ ಅಷ್ಟೂ ಇಲ್ಲ.

ಅಪಾಯಗಳೂ ಇವೆ. ಸ್ಟ್ರೋಕ್ ಆದ ಹಲವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ತಗೋತಿರ್ತಾರೆ, ರಕ್ತ ಬೇಗ ಹೆಪ್ಪುಗಟ್ಟಲ್ಲ. ನಮ್ಮ ಊರುಗಳಲ್ಲಿ ಹಿಜಾಮಾ ಹೆಸರಲ್ಲಿ ಚರ್ಮ ಗೀರಿ ರಕ್ತ ತೆಗೆಯೋ ಕಪ್ಪಿಂಗ್ ಇಂಥವರಿಗೆ ಅಪಾಯಕಾರಿ. ಬೆನ್ನಿಗೆ ಸೂಜಿ ಆಳವಾಗಿ ಹೋದರೆ ಶ್ವಾಸಕೋಶಕ್ಕೇ ಚುಚ್ಚಬಹುದು. ಸ್ಪರ್ಶಜ್ಞಾನ ಇಲ್ಲದ ಕಡೆ ಬಿಸಿ ಕಪ್ ಇಟ್ಟರೆ, ಸುಟ್ಟರೂ ರೋಗಿಗೆ ಗೊತ್ತಾಗಲ್ಲ. ಆದ್ದರಿಂದ ಚಿಕಿತ್ಸೆ ಕೊಡ್ತಿರೋ ಡಾಕ್ಟರನ್ನು ಕೇಳದೆ ಮಾಡಿಸಬೇಡಿ.

ಮನೆಯವರು ಮಾಡಬೇಕಾದ್ದು ಇಷ್ಟು. ನುಂಗುವ ಪರೀಕ್ಷೆ ಆಗೋವರೆಗೆ ಒಂದು ಚಮಚ ನೀರೂ ಬೇಡ. ಮೂಗಿಗೆ ಟ್ಯೂಬ್ ಹಾಕಿದ್ದರೆ, ‘ಪಾಪ, ಬಾಯಿಗೆ ಸ್ವಲ್ಪ ಕೊಡೋಣ’ ಅನ್ನಬೇಡಿ. ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಆಮೇಲೂ ಸ್ವಲ್ಪ ಹೊತ್ತು ಮಲಗಿಸಬೇಡಿ. ದಿನವೂ ಹಲ್ಲು, ನಾಲಿಗೆ ಸ್ವಚ್ಛ ಮಾಡಿ. ಮನೆಗೆ ಬಂದ ಮೇಲೆ ಜ್ವರ, ಏದುಸಿರು, ಊಟದ ನಂತರ ಗೊರಗೊರ ದನಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟ ಆದರೆ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಸ್ಟ್ರೋಕ್ ಆದವರನ್ನು ನೋಡಿಕೊಳ್ತಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ.