ಹೂಳು ಉಳಿಸಿದ ಊರು

ವಿಯೆಟ್ನಾಂನ ಹೊಯಿ ಆನ್ ಊರಿನಲ್ಲಿ ನನ್ನನ್ನು ಮೊದಲು ಸೆಳೆದದ್ದು ಹಳದಿ ಗೋಡೆ, ಹೆಂಚಿನ ಮಾಡು, ಸಾಲು ಸಾಲು ರೇಷ್ಮೆ ಗೂಡುದೀಪ. ಒಂದು ಕಾಲಕ್ಕೆ ಚೀನಾ, ಜಪಾನ್ ವ್ಯಾಪಾರಿಗಳ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ತು ಬೊನ್ ನದಿಯಲ್ಲಿ ಹೂಳು ತುಂಬಿತು, ಹಡಗುಗಳು ದಾ ನಾಂಗ್ ಬಂದರಿನತ್ತ ಹೊರಳಿದವು. ವ್ಯಾಪಾರ ಇಳಿದ ಊರಿನಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುವವರು ಯಾರು? ಹಾಗಾಗಿ ಊರು ಉಳಿಯಿತು! 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಜಪಾನಿ ಸೇತುವೆಗೆ ಮಾಡೂ ಇದೆ, ಒಳಗೊಂದು ಗುಡಿಯೂ ಇದೆ. ಒಂದು ತುದಿಯಲ್ಲಿ ನಾಯಿಗಳು, ಇನ್ನೊಂದರಲ್ಲಿ ಕೋತಿಗಳು ಕಾವಲು ಕೂತಿವೆ.

ತನ್ ಕಿ ಎಂಬ ಹಳೆಯ ಮನೆಯ ಗೋಡೆಯಲ್ಲಿ ಹಿಂದಿನ ನೆರೆಗಳ ಮಟ್ಟ ಗುರುತು ಮಾಡಿದ್ದಾರೆ. ಕೆಲವು ನನ್ನ ತಲೆಗಿಂತ ಮೇಲಿದ್ದವು! ನೀರು ಬಂದಾಗ ಅಟ್ಟದ ಕಿಂಡಿಯಿಂದ ಸಾಮಾನನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ನೆರೆ ಇಳಿದರೆ ಮತ್ತೆ ಅದೇ ಮನೆ, ಅದೇ ಬದುಕು.

ಊರಿನ ವಿಶೇಷ ತಿನಿಸು ‘ಕಾವ್ ಲಾವ್’. ಅಕ್ಕಿಯ ದಪ್ಪ ಶಾವಿಗೆ, ಸೊಪ್ಪು, ಗರಿಗರಿ ಚೂರುಗಳು. ಬಾ ಲೆ ಬಾವಿಯ ನೀರಿಲ್ಲದೆ ಆ ರುಚಿ ಬರದು ಎನ್ನುವುದು ಊರವರ ಮಾತು. ಸಾಮಾನ್ಯವಾಗಿ ಹಂದಿಮಾಂಸ ಹಾಕುತ್ತಾರೆ. ಸಸ್ಯಾಹಾರಿಗಳು ‘ಚಾಯ್’ ಎನ್ನಬೇಕು. ಮಕ್ಕಳೇ, ಅಲ್ಲಿ ಚಾಯ್ ಎಂದರೆ ಚಹಾ ಅಲ್ಲ, ಸಸ್ಯಾಹಾರ!