ಒಣದ್ರಾಕ್ಷಿಯ ಗುಣ ಮತ್ತು ಅದನ್ನು ಉಳಿಸಿಕೊಳ್ಳುವ ಬಗೆ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ದ್ರಾಕ್ಷಿಯನ್ನು ದೊಡ್ಡ ಪ್ರಮಾಣದಲ್ಲಿ ಒಣಗಿಸಿ ಮಾರಲಾಗುತ್ತದೆ. ಹಸಿ ಹಣ್ಣಿನ ಬೆಲೆ ಕುಸಿದಾಗ ಬೆಳೆಗಾರರಿಗೆ ಒಣದ್ರಾಕ್ಷಿಯೇ ಆಸರೆ. ಆದರೆ ಇದು ಮಾರುವ ಸರಕಷ್ಟೇ ಅಲ್ಲ, ಆಹಾರವೂ ಹೌದು. ಇದರ ಗುಣ ಉಳಿಯುವುದೂ ಕೆಡುವುದೂ ತೋಟ ಮತ್ತು ಒಣಗಿಸುವ ಶೆಡ್ಡಿನಲ್ಲಿಯೇ.

ಉತ್ಕರ್ಷಣ ನಿರೋಧಕಗಳು

ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುತ್ತದೆ; ಹಳೆಯ ಶೇಂಗಾ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಎರಡಕ್ಕೂ ಆಮ್ಲಜನಕದ ಕ್ರಿಯೆಯೇ ಕಾರಣ. ಇಂತಹ ಕ್ರಿಯೆ ನಮ್ಮ ದೇಹದ ಜೀವಕೋಶಗಳಲ್ಲಿಯೂ ನಡೆಯುತ್ತಿರುತ್ತದೆ. ಅದರಿಂದಾಗುವ ಹಾನಿಯನ್ನು ತಗ್ಗಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ದ್ರಾಕ್ಷಿಯಲ್ಲಿ ಫೀನಾಲ್ ವರ್ಗದ ಸಂಯುಕ್ತಗಳು ಈ ಕೆಲಸ ಮಾಡುತ್ತವೆ. ಇವು ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚು.

ಒಣಗಿದಾಗ ಆಗುವ ಬದಲಾವಣೆ

ಹಣ್ಣಿನಲ್ಲಿ ಸುಮಾರು ಶೇ. 80ರಷ್ಟಿರುವ ನೀರು ಒಣಗಿದ ನಂತರ ಶೇ. 15ಕ್ಕೆ ಇಳಿಯುತ್ತದೆ. ಸುಮಾರು 4 ಕಿಲೋ ಹಣ್ಣಿನಿಂದ 1 ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. ಸಕ್ಕರೆ, ನಾರು, ಪೊಟ್ಯಾಸಿಯಂ ಸಾಂದ್ರವಾಗುತ್ತವೆ. 'ಸಿ' ಜೀವಸತ್ವ ಬಹುಮಟ್ಟಿಗೆ ನಾಶವಾಗುತ್ತದೆ. ಫೀನಾಲ್ ಸಂಯುಕ್ತಗಳಲ್ಲಿ ಒಂದು ಪಾಲು ಕಳೆದು ಉಳಿದುದು ನಮಗೆ ಸಿಗುತ್ತದೆ.

ಒಣದ್ರಾಕ್ಷಿ ತಿಂದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಆದರೆ 100 ಗ್ರಾಂನಲ್ಲಿ ಇರುವ ಕಬ್ಬಿಣಾಂಶ ಸುಮಾರು 2 ಮಿಲಿಗ್ರಾಂ ಮಾತ್ರ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಆದ್ದರಿಂದ ರಕ್ತಹೀನತೆಯಿರುವ ಗರ್ಭಿಣಿಯರು ಒಣದ್ರಾಕ್ಷಿಯನ್ನು ನಂಬಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು.

ಬೆಳೆಗಾರರು ಗಮನಿಸಬೇಕಾದ ಅಂಶಗಳು

1. ನೀರು ಹೋದಂತೆ ಔಷಧಿಯ ಶೇಷಾಂಶವೂ ಸಾಂದ್ರವಾಗಬಹುದು. ಕೊನೆಯ ಸಿಂಪರಣೆಗೂ ಕಟಾವಿಗೂ ನಡುವೆ ಡಬ್ಬಿಯ ಮೇಲೆ ಸೂಚಿಸಿದಷ್ಟು ದಿನಗಳ ಅಂತರವನ್ನು ತಪ್ಪದೆ ಕೊಡಬೇಕು.

2. ಅದ್ದುವ ದ್ರಾವಣಕ್ಕೆ 100 ಲೀಟರ್ ನೀರಿಗೆ ಸುಮಾರು 2.5 ಕಿಲೋ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 1.5 ಲೀಟರ್ ಈಥೈಲ್ ಓಲಿಯೇಟ್ ಬಳಸುವುದು ರೂಢಿ. ಇದರಿಂದ ಸಿಪ್ಪೆಯ ಮೇಣದ ಪದರ ಸಡಿಲಗೊಂಡು ನೀರು ಬೇಗ ಆರುತ್ತದೆ, ಹಣ್ಣು ಕಂದಾಗುವುದು ಕಡಿಮೆಯಾಗುತ್ತದೆ. ಆಹಾರಕ್ಕೆ ಯೋಗ್ಯ ದರ್ಜೆಯ ರಾಸಾಯನಿಕವನ್ನೇ ಕೊಳ್ಳಬೇಕು.

3. ಹಣ್ಣನ್ನು ನೆರಳಿನಲ್ಲಿ, ಗಾಳಿಯಾಡುವ ಬಲೆಯ ಅಂತಸ್ತುಗಳ ಮೇಲೆ ಒಣಗಿಸಬೇಕು. ತೇವಾಂಶ ಹೆಚ್ಚು ಉಳಿದರೆ ಸಂಗ್ರಹದಲ್ಲಿ ಬೂಷ್ಟು ಹಿಡಿಯುತ್ತದೆ.

4. ಗಂಧಕದ ಹೊಗೆ ಕೊಟ್ಟರೆ ಹೊಂಬಣ್ಣ ಬರುತ್ತದೆ, ಹೆಚ್ಚಿನ ದರವೂ ಸಿಗಬಹುದು. ಆದರೆ ಮಿತಿಮೀರಿದ ಗಂಧಕ ಉಬ್ಬಸವುಳ್ಳವರಿಗೆ ಅಪಾಯಕಾರಿ. ಬಣ್ಣದ ಆಸೆಗೆ ಪ್ರಮಾಣ ಮೀರಬಾರದು.

ಬಳಕೆ

ಆರೋಗ್ಯವಂತರಿಗೆ ದಿನಕ್ಕೆ ಒಂದು ಹಿಡಿ, ಅಂದರೆ 25ರಿಂದ 30 ಗ್ರಾಂ ಸಾಕು. ನಾರಿನಂಶವಿರುವುದರಿಂದ ಮಲಬದ್ಧತೆ ಇರುವವರಿಗೆ ಅನುಕೂಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿ ತಿನ್ನಬೇಕು. ಇದು ಹಲ್ಲಿಗೆ ಅಂಟುತ್ತದೆ. ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು. ಚಿಕ್ಕ ಮಕ್ಕಳಿಗೆ ಹೆಚ್ಚಿ ಕೊಡಬೇಕು.

ಒಳ್ಳೆಯ ಮಾಲನ್ನೆಲ್ಲ ಪೇಟೆಗೆ ಕಳಿಸಿ ಉಳಿದ ಕಸರನ್ನು ಮನೆಗೆ ಇಟ್ಟುಕೊಳ್ಳುವುದು ಸರಿಯಲ್ಲ. ರೈತ ಬಾಂಧವರು ಮೊದಲ ದರ್ಜೆಯ ಒಣದ್ರಾಕ್ಷಿಯಲ್ಲಿ ವರ್ಷಕ್ಕಾಗುವಷ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ತಮ್ಮ ಮಕ್ಕಳಿಗಾಗಿ ತೆಗೆದಿಡಬೇಕು. ತಮ್ಮ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದಾದ ಮಾಲೇ ಪೇಟೆಗೂ ಹೋಗಬೇಕಾದ ಮಾಲು.