ಮಗುವಿನ ಕೈಯನ್ನು ಬಿಡುವುದು ಯಾವಾಗ?

1997ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ಹೆಂಗಸೊಬ್ಬಳು ನ್ಯೂಯಾರ್ಕ್ ನಗರದ ಒಂದು ಉಪಾಹಾರಗೃಹಕ್ಕೆ ಹೋದಳು. ಹದಿನಾಲ್ಕು ತಿಂಗಳ ಆಕೆಯ ಮಗು ತಳ್ಳುಗಾಡಿಯಲ್ಲಿತ್ತು. ಗಾಡಿಯನ್ನು ಹೊರಗೆ ನಿಲ್ಲಿಸಿ, ತಾನು ಮಗುವಿನ ತಂದೆಯೊಡನೆ ಒಳಗೆ ಕುಳಿತಳು. ಅವಳ ನಾಡಿನಲ್ಲಿ ಇದು ನಿತ್ಯದ ರೂಢಿ. ಅಲ್ಲಿ ಚಳಿಗಾಲದಲ್ಲಿಯೂ ಕೂಸುಗಳನ್ನು ಬೆಚ್ಚಗೆ ಹೊದಿಸಿ, ಹೊರಗಿನ ಗಾಳಿಯಲ್ಲಿ ಮಲಗಿಸುವುದುಂಟು. ನ್ಯೂಯಾರ್ಕಿನ ಪೋಲೀಸರಾದರೋ ತಂದೆತಾಯಿಗಳಿಬ್ಬರನ್ನೂ ಬಂಧಿಸಿದರು. ಮಗು ಕೆಲವು ದಿನ ಅನ್ಯರ ಪೋಷಣೆಯಲ್ಲಿರಬೇಕಾಯಿತು.

2011ರಲ್ಲಿ ನಾರ್ವೆ ದೇಶದಲ್ಲಿ ನೆಲೆಸಿದ್ದ ಒಂದು ಭಾರತೀಯ ಸಂಸಾರದ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿನ ಶಿಶುರಕ್ಷಣೆಯ ಅಧಿಕಾರಿಗಳು ತಮ್ಮ ವಶಕ್ಕೆ ತೆಗೆದುಕೊಂಡರು. ಮಗುವಿಗೆ ಕೈತುತ್ತು ಹಾಕಿದ್ದು, ಹಾಸಿಗೆಯಲ್ಲಿ ತಮ್ಮ ಪಕ್ಕದಲ್ಲಿಯೇ ಮಲಗಿಸಿಕೊಂಡದ್ದು, ಇವೂ ಆಕ್ಷೇಪಣೆಗಳಲ್ಲಿ ಸೇರಿದ್ದುವೆಂದು ತಂದೆತಾಯಿಗಳು ಹೇಳಿದರು. ಕಾರಣ ಅದಲ್ಲವೆಂದು ಅಧಿಕಾರಿಗಳು ಹೇಳಿದರು. 2012ರಲ್ಲಿ ಆ ಮಕ್ಕಳು ತಂದೆಯ ಸೋದರನೊಡನೆ ಭಾರತಕ್ಕೆ ಬಂದರು. ಆ ವ್ಯಾಜ್ಯದ ನ್ಯಾಯಾನ್ಯಾಯವನ್ನು ನಿರ್ಣಯಿಸುವುದು ನನ್ನ ಕೆಲಸವಲ್ಲ. ಆದರೆ ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಮಗುವನ್ನು ತೀರ ದೂರವಿಟ್ಟಳೆಂದು ಒಬ್ಬ ತಾಯಿಯನ್ನು ದೂರಿದರು. ತೀರ ಹತ್ತಿರವಿಟ್ಟುಕೊಂಡೆವೆಂದು ನಮ್ಮನ್ನು ದೂರಿದರೆಂದು ಇನ್ನೊಂದು ಮನೆಯವರು ನೊಂದುಕೊಂಡರು. ಹಾಗಾದರೆ ಮಗುವಿನ ಸ್ವಾತಂತ್ರ್ಯಕ್ಕೆ ಸರಿಯಾದ ಅಳತೆ ಯಾವುದು?

ಪಾಶ್ಚಾತ್ಯರು ಮಕ್ಕಳಿಗೆ ಸ್ವಾತಂತ್ರ್ಯವನ್ನು ಹೆಚ್ಚಾಗಿ ಕೊಡುತ್ತಾರೆ, ನಾವು ಕಡಮೆಯಾಗಿ ಕೊಡುತ್ತೇವೆ ಎಂದು ಸಾಮಾನ್ಯವಾಗಿ ಹೇಳುವ ವಾಡಿಕೆಯಿದೆ. ಈ ಮಾತು ಅರ್ಧ ಮಾತ್ರ ನಿಜ. ಸ್ವಾತಂತ್ರ್ಯವೆಂಬುದು ಸೇರಿನಲ್ಲಿ ಅಳೆದು ಕೊಡುವ ಒಂದೇ ಬಗೆಯ ಧಾನ್ಯವಲ್ಲ. ಕಡೆಯ ಪಕ್ಷ ಅದರಲ್ಲಿ ಮೂರು ಬಗೆಗಳುಂಟು: ಒಬ್ಬನೇ ಓಡಾಡುವ ಸ್ವಾತಂತ್ರ್ಯ ಒಂದು, ಕೆಲಸದ ಹೊಣೆಯನ್ನು ಹೊರುವ ಸ್ವಾತಂತ್ರ್ಯ ಇನ್ನೊಂದು, ತನ್ನ ಬಾಳಿನ ವಿಷಯದಲ್ಲಿ ತಾನೇ ನಿಶ್ಚಯಿಸುವ ಸ್ವಾತಂತ್ರ್ಯ ಮೂರನೆಯದು. ಒಂದನ್ನು ಧಾರಾಳವಾಗಿ ಕೊಡುವ ಸಮಾಜ ಮತ್ತೊಂದನ್ನು ಬಿಗಿಹಿಡಿಯುವುದು ಲೋಕದಲ್ಲೆಲ್ಲ ಕಂಡುಬರುತ್ತದೆ.

ಮೊದಲನೆಯದನ್ನು ನೋಡೋಣ. ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಕೂಸಿಗೆ ಬೇರೆ ತೊಟ್ಟಿಲು, ಸಾಧ್ಯವಾದರೆ ಬೇರೆ ಕೋಣೆ ಇರಬೇಕೆಂಬುದು ಬಹುಕಾಲದ ಪದ್ಧತಿ. ಜಪಾನಿನಲ್ಲಿ ಮಗು ತಾಯಿಯ ಪಕ್ಕದಲ್ಲಿಯೇ ಮಲಗುತ್ತದೆ. ಇಷ್ಟನ್ನೇ ನೋಡಿದವರು ಜಪಾನಿನ ಮಗು ಪರಾಧೀನವಾಗಿ ಬೆಳೆಯುವುದೆಂದು ತೀರ್ಮಾನಿಸಬಹುದು. ಆದರೆ ಅದೇ ಮಗು ಆರು ವರ್ಷ ತುಂಬಿ ಪಾಠಶಾಲೆಗೆ ಸೇರಿದೊಡನೆ ಬೆನ್ನಿಗೆ ಚೀಲವನ್ನೇರಿಸಿ, ತಂದೆತಾಯಿಗಳ ಜೊತೆಯಿಲ್ಲದೆ ನಡೆದು ಹೋಗುತ್ತದೆ. ಅನೇಕ ಊರುಗಳಲ್ಲಿ ನೆರೆಹೊರೆಯ ಮಕ್ಕಳು ಗುಂಪುಗೂಡಿ, ದೊಡ್ಡ ತರಗತಿಯವರ ಮುಂದಾಳುತನದಲ್ಲಿ ಸಾಲಾಗಿ ಹೋಗುವರು. ಶಾಲೆಯಲ್ಲಿ ತರಗತಿಯನ್ನು ಗುಡಿಸುವವರೂ ಊಟ ಬಡಿಸುವವರೂ ಅವರೇ. ಇದು ಧೈರ್ಯವೊಂದರಿಂದಲೇ ನಡೆಯುವ ಕೆಲಸವಲ್ಲ. ಶಾಲೆ ಮನೆಗೆ ಹತ್ತಿರವಿರುವುದು. ರಸ್ತೆ ದಾಟುವೆಡೆಯಲ್ಲಿ ಊರಿನ ಹಿರಿಯರು ನಿಂತಿರುವರು. ಹೆದರಿದ ಮಗು ನುಗ್ಗಬಹುದಾದ ಅಂಗಡಿಮನೆಗಳ ಬಾಗಿಲಿಗೆ ಗುರುತಿನ ಫಲಕವಿರುವುದು. ಮಗು ಒಂಟಿಯಾಗಿ ನಡೆಯುತ್ತದೆಂದು ಕಂಡರೂ ಬೀದಿಯೇ ಅದರ ಕೈಯನ್ನು ಹಿಡಿದಿರುತ್ತದೆ.

ಇದಕ್ಕೆ ಪ್ರತಿಯಾದ ಉದಾಹರಣೆ ಇಂಗ್ಲೆಂಡಿನದು. ಮೇಯರ್ ಹಿಲ್ಮನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ವಿಚಾರಮಾಡಿ ನೋಡಿದಾಗ, 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇಕಡ 80 ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರೆಂದೂ, 1990ರ ವೇಳೆಗೆ ಅವರ ಸಂಖ್ಯೆ ಶೇಕಡ 9ಕ್ಕೆ ಇಳಿದಿತ್ತೆಂದೂ ತಿಳಿದುಬಂತು. ಇಪ್ಪತ್ತು ವರ್ಷಗಳಲ್ಲಿ ಒಂದು ಜನಾಂಗದ ಸ್ವಭಾವ ಹೀಗೆ ತಲೆಕೆಳಗಾಗಲಾರದು. ಬದಲಾದದ್ದು ಬೀದಿ, ಮೋಟಾರುಗಳು ಹೆಚ್ಚಿದುವು, ಅವುಗಳ ಭಯವೂ ಹೆಚ್ಚಿತು. ಅಮೆರಿಕದಲ್ಲಿ ಭಯ ಎಷ್ಟು ಬೆಳೆಯಿತೆಂದರೆ, ಮಕ್ಕಳು ತಕ್ಕಷ್ಟು ಬೆಳೆದಿದ್ದರೆ ಅವರನ್ನು ಶಾಲೆಗೆ ನಡೆದುಹೋಗಲು ಅಥವಾ ಹೊರಗೆ ಆಡಲು ಒಂಟಿಯಾಗಿ ಬಿಡುವುದು ಪೋಷಣೆಯಲ್ಲಿ ತಪ್ಪಿದಂತಾಗದು ಎಂದು 2018ರಲ್ಲಿ ಯೂಟಾ ಸಂಸ್ಥಾನವು ಕಾನೂನನ್ನೇ ಮಾಡಬೇಕಾಯಿತು. ಹುಟ್ಟಿದಂದೇ ಬೇರೆ ಕೋಣೆಯನ್ನು ಪಡೆದ ಮಗುವಿಗೆ, ಹತ್ತು ವರ್ಷವಾದ ಮೇಲೆ ಬೀದಿಯ ಕೊನೆಯವರೆಗೆ ಹೋಗಲು ಕಾನೂನಿನ ಆಶ್ರಯ ಬೇಕಾಯಿತು!

ಎರಡನೆಯದು ಹೊಣೆಯ ಸ್ವಾತಂತ್ರ್ಯ. ಬಿಯಾಟ್ರಿಸ್ ಮತ್ತು ಜಾನ್ ವೈಟಿಂಗ್ ಎಂಬ ದಂಪತಿಗಳ ನೇತೃತ್ವದಲ್ಲಿ 1950ರ ದಶಕದಲ್ಲಿ ಆರು ಸಮಾಜಗಳ ಮಕ್ಕಳನ್ನು ಕುರಿತು ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ಫಲಿತಾಂಶಗಳನ್ನು ಹೇಳುವ ಮುಖ್ಯ ಗ್ರಂಥವೊಂದು 1975ರಲ್ಲಿ ಹೊರಬಂತು. ಉತ್ತರ ಭಾರತದ ಒಂದು ಹಳ್ಳಿಯೂ ಆ ಆರರಲ್ಲಿ ಸೇರಿತ್ತು. ಆಫ್ರಿಕಾದ ಕೀನ್ಯಾ ದೇಶದ ಗುಸೀ ಜನರ ಹಳ್ಳಿಯಲ್ಲಿ ಎಳೆಯ ಹುಡುಗಿಯರು ಕೂಸನ್ನೆತ್ತಿಕೊಂಡು ನೋಡಿಕೊಳ್ಳುತ್ತಿದ್ದರು. ಹುಡುಗರು ದನಗಳನ್ನು ಮೇಯಿಸುತ್ತಿದ್ದರು. ತಾಯಿ ಹೊಲದಲ್ಲಿ ದುಡಿಯಬೇಕಾದುದರಿಂದ ಮಕ್ಕಳ ನೆರವಿಲ್ಲದೆ ಸಂಸಾರ ಸಾಗುತ್ತಿರಲಿಲ್ಲ. ಇಂತಹ ನಿಜವಾದ ಕೆಲಸಗಳನ್ನು ಹೊತ್ತ ಮಕ್ಕಳಲ್ಲಿ ಇತರರಿಗೆ ನೆರವಾಗುವ ಗುಣ ಹೆಚ್ಚಾಗಿಯೂ, ತನ್ನನ್ನೇ ಎಲ್ಲರೂ ನೋಡಲಿ ಎಂಬ ಹಂಬಲ ಕಡಮೆಯಾಗಿಯೂ ಕಂಡುಬಂದುವು. ಆದರೆ ಆ ಮಕ್ಕಳಿಂದ ಹಿರಿಯರು ಬಯಸುತ್ತಿದ್ದುದು ವಿಧೇಯತೆಯನ್ನು, ಪ್ರಶ್ನೆಗಳನ್ನಲ್ಲ. ತಮ್ಮನನ್ನೋ ತಂಗಿಯನ್ನೋ ಸೊಂಟದಲ್ಲಿರಿಸಿಕೊಂಡು ಎಮ್ಮೆಯನ್ನು ಕೆರೆಗೆ ಹೊಡೆದುಕೊಂಡು ಹೋಗುವ ಹುಡುಗಿಯನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಈ ಚಿತ್ರ ಹೊಸದೇನಲ್ಲ.

ಮೂರನೆಯದಾದ ನಿಶ್ಚಯದ ಸ್ವಾತಂತ್ರ್ಯಕ್ಕೆ ಬಂದಾಗ, ನಾವು ನಗರವಾಸಿಗಳಾದ ವಿದ್ಯಾವಂತರು ನಮ್ಮ ಮನೆಯನ್ನೇ ನೋಡಿಕೊಳ್ಳಬೇಕಾಗುತ್ತದೆ. ಪ್ರತಿ ವರ್ಷ ಕಾಲೇಜು ತೆರೆಯುವ ದಿನಗಳಲ್ಲಿ ನನ್ನ ಮೇಜಿನ ಮುಂದೆ ಒಂದೇ ನಾಟಕ ನಡೆಯುತ್ತದೆ. ಹದಿನೆಂಟು ವರ್ಷದ ವಿದ್ಯಾರ್ಥಿಯನ್ನು, “ಯಾವ ವಿಷಯವನ್ನು ತೆಗೆದುಕೊಳ್ಳಬೇಕೆಂದಿದ್ದೀಯಪ್ಪ?” ಎಂದು ಕೇಳುತ್ತೇನೆ. ಅವನು ತಂದೆಯ ಮುಖವನ್ನು ನೋಡುತ್ತಾನೆ. ತಂದೆ ಉತ್ತರ ಕೊಡುತ್ತಾರೆ. ಹದಿನೆಂಟಕ್ಕೆ ಅವನು ದೇಶದ ಸರ್ಕಾರವನ್ನು ಆರಿಸಬಲ್ಲನೆಂದು 1989ರಿಂದ ನಮ್ಮ ಕಾನೂನು ನಂಬಿದೆ. ಚರಿತ್ರೆ ಬೇಕೋ ರಸಾಯನಶಾಸ್ತ್ರ ಬೇಕೋ ಎಂಬುದನ್ನು ಆರಿಸಬಲ್ಲನೆಂದು ಅವನ ಮನೆ ನಂಬಿಲ್ಲ. ಮಗನಿಗೆ ಹದಿನಾರು ತುಂಬಿದರೆ ಅವನನ್ನು ಗೆಳೆಯನಂತೆ ಕಾಣಬೇಕೆಂಬ ನಮ್ಮ ಹಿಂದಿನವರ ನೀತಿಯನ್ನು ಬಾಯಲ್ಲಿ ಹೇಳುವ ಮನೆಗಳಲ್ಲಿಯೂ ಇದೇ ನಡೆಯುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಬಿಗಿ ಇನ್ನೂ ಹೆಚ್ಚು.

ಹೀಗೇಕೆ? ತಂದೆತಾಯಿಗಳು ಕಠಿನರೆಂದಲ್ಲ. ತುರ್ಕಿ ದೇಶದ ಮನಶ್ಶಾಸ್ತ್ರಜ್ಞೆ ಚಿದೆಮ್ ಕಾಗಿಟ್ಚಿಬಾಶಿ ಈ ವಿಷಯದಲ್ಲಿ ಬಹಳ ದುಡಿದವರು. ಮುಪ್ಪಿನಲ್ಲಿ ಮಗನೇ ಆಧಾರವಾಗಿರುವ ಸಮಾಜದಲ್ಲಿ ಅವನ ಸ್ವತಂತ್ರಬುದ್ಧಿ ಮನೆತನಕ್ಕೆ ಅಪಾಯವೆಂದು ತೋರುವುದು ಸಹಜವೆಂದು ಅವರು ವಿವರಿಸಿದರು. ಆದರೆ ಓದು, ಸಂಬಳ, ನಗರವಾಸ ಬಂದಮೇಲೆ ಹಣದ ಅವಲಂಬನೆ ಕಡಮೆಯಾದರೂ ಮಮತೆಯ ಅವಲಂಬನೆ ಅಳಿಯುವುದಿಲ್ಲ. ತಾನೇ ನಿಶ್ಚಯಿಸುವ ಶಕ್ತಿಯೂ ಮನೆಯವರೊಡನೆ ಹತ್ತಿರವಾಗಿ ಬಾಳುವುದೂ ಒಂದಕ್ಕೊಂದು ವಿರೋಧವಲ್ಲ. ಎರಡೂ ಒಬ್ಬನಲ್ಲಿಯೇ ಇರಬಹುದು ಎಂಬುದು ಅವರ ಸಿದ್ಧಾಂತ. ಸ್ವತಂತ್ರನಾದ ಮಗ ಕೈತಪ್ಪಿದನೆಂದು ಹೆದರುವ ನಮ್ಮಂಥವರಿಗೆ ಇದು ಬೆಲೆಯುಳ್ಳ ಮಾತು.

ಉಪದೇಶ ಮಾಡುವವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕಲ್ಲವೆ? ನಾನು ಏಳು ವರ್ಷದ ಹುಡುಗನಾಗಿ ಗದ್ದೆಯ ಬದುವಿನ ಮೇಲೆ ಒಂದು ಮೈಲಿ ನಡೆದು ಶಾಲೆಗೆ ಹೋದವನು. ಹತ್ತು ವರ್ಷದ ನನ್ನ ಮಗಳು ಕಳೆದ ಬೇಸಗೆಯಲ್ಲಿ, ಎರಡು ಬೀದಿಗಳಾಚೆಯ ಪುಸ್ತಕಭಂಡಾರಕ್ಕೆ ತಾನೊಬ್ಬಳೇ ಹೋಗುವೆನೆಂದಾಗ ನಾನು ಒಪ್ಪಲಿಲ್ಲ. “ಅಪ್ಪ, ನೀನು ನನ್ನನ್ನು ನಂಬುವುದಿಲ್ಲವೋ, ಬೀದಿಯನ್ನು ನಂಬುವುದಿಲ್ಲವೋ?” ಎಂದು ಕೇಳಿದಳು. ಉತ್ತರ ನನಗೆ ತಿಳಿದಿತ್ತು; ಬೀದಿಯ ಮೇಲಿನ ಅಪನಂಬಿಕೆಗೆ ಅವಳು ದಂಡ ತೆರುತ್ತಿದ್ದಳು. ಆಮೇಲೆ ನಾಲ್ಕು ಸಲ ಅವಳ ಜೊತೆಯಲ್ಲಿ ಹೋದೆ, ಎರಡು ಸಲ ಹಿಂದೆ ಹೋದೆ, ತಿರುವಿನ ಅಂಗಡಿಯವರಿಗೆ ಅವಳ ಗುರುತು ಹೇಳಿದೆ. ಏಳನೆಯ ಸಲ ಅವಳು ಒಬ್ಬಳೇ ಹೋದಳು. ಆ ಮುಕ್ಕಾಲು ಗಂಟೆಯಲ್ಲಿ ನಾನು ಓದಿದ ಪುಟದ ಒಂದು ಸಾಲೂ ನೆನಪಿನಲ್ಲಿಲ್ಲ.

ಜಪಾನಿನ ಪದ್ಧತಿಯನ್ನಾಗಲಿ ಡೆನ್ಮಾರ್ಕಿನದನ್ನಾಗಲಿ ಹಾಗೆಯೇ ತಂದು ನಮ್ಮ ಬೀದಿಯಲ್ಲಿ ನೆಡಲಾಗದು. ಬೀದಿಯನ್ನು ಸರಿಪಡಿಸದೆ ಮಗುವನ್ನು ಮಾತ್ರ ಬಿಡುವುದು ವಿವೇಕವಲ್ಲ. ಆದರೆ ಪ್ರತಿಯೊಂದು ಮನೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ನಮ್ಮ ಮಗು ಈ ವರ್ಷ ಹೋದ ವರ್ಷಕ್ಕಿಂತ ಸ್ವಲ್ಪ ಹೆಚ್ಚು ದೂರ ಒಂಟಿಯಾಗಿ ನಡೆಯುತ್ತಿದೆಯೆ? ಅದು ಮಾಡದಿದ್ದರೆ ನಿಂತುಹೋಗುವಂಥ ಒಂದು ಕೆಲಸವಾದರೂ ಮನೆಯಲ್ಲಿ ಅದರ ಪಾಲಿಗಿದೆಯೆ? ನಮಗೆ ಒಪ್ಪಿಗೆಯಿಲ್ಲದ ಯಾವುದಾದರೂ ಒಂದು ವಿಷಯವನ್ನು ಅದು ತಾನಾಗಿಯೇ ನಿಶ್ಚಯಿಸಿದೆಯೆ? ಕನ್ನಡದಲ್ಲಿ ಕೈಬಿಡುವುದೆಂದರೆ ತೊರೆಯುವುದೆಂದು ಅರ್ಥ. ಅದಕ್ಕೇ ಇರಬೇಕು, ನಾವು ಅಷ್ಟು ಹೆದರುವುದು. ಕೈಯನ್ನು ಬಿಟ್ಟ ಮೇಲೂ ಕರೆದರೆ ಕೇಳುವಷ್ಟು ದೂರದಲ್ಲಿರುವುದು ತೊರೆಯುವುದಲ್ಲ. ಅದೇ ಸಾಕಣೆಯ ಕೊನೆಯ ಪಾಠ.